ಬಳೆ ಇಲ್ಲದವರಿಗೆ ಹಳದಿ

ಹಾಸನ
14 ಜುಲೈ 2024

ಅಂಗನವಾಡಿಯ ಕಮಲಾಕ್ಷಮ್ಮ ಮಿಸ್ ಅವರಿಗೆ,

ನಾನು ಮಾನ್ಯಳ ತಾಯಿ ಅನುಶ್ರೀ. ಗುರುತು ಸಿಗದಿದ್ದರೆ, ಈಶ್ವರಯ್ಯನವರ ಸೊಸೆ, ಹೋದ ವರ್ಷ ಬೈಕಿನಿಂದ ಬಿದ್ದು ತೀರಿಕೊಂಡ ರಜನೀಶನ ಹೆಂಡತಿ ಎಂದರೆ ಸಿಕ್ಕೀತು. ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಸಿಟ್ಟಿಗಿಂತ ಮೊದಲು ಅಳು ಬರುತ್ತದೆ. ಅತ್ತರೆ ನೀವು ಸಮಾಧಾನ ಮಾಡುತ್ತೀರಿ. ನನಗೆ ಸಮಾಧಾನ ಬೇಡ, ಉತ್ತರ ಬೇಕು.

ಇವತ್ತು ಬೆಳಿಗ್ಗೆ ಮಾನ್ಯ ಅಜ್ಜಿಯ ಫೋನಿನಿಂದ ಮಾತಾಡಿದಳು. "ಅಮ್ಮಾ, ಎಲ್ರೂ ಅವರಮ್ಮನ ಹಸಿರು ಬಳೆ ತಂದಿದ್ರು. ನಂಗೆ ಇರ್ಲಿಲ್ಲ. ಮಿಸ್ಸು ನೀನು ಹಳದಿ ತಾ ಅಂದ್ರು. ಅರಿಶಿನದ ಕೊಂಬು ತಗೊಂಡೋದೆ. ಹಳದಿ ಮನೇಲಿ ನಾನೊಬ್ಳೇ ಕೂತಿದ್ದೆ."

ನೀವು ನೆಲದ ಮೇಲೆ ರಂಗೋಲಿಯಲ್ಲಿ ದುಂಡಗೆ ಬಣ್ಣದ ಮನೆ ಬರೆಯುತ್ತೀರಂತೆ. ಹಸಿರು ತಂದವರೆಲ್ಲ ಹಸಿರು ಮನೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರಂತೆ. ನಾಲ್ಕು ವರ್ಷದ ಮಗು ಎದುರಿನ ಮನೆಯಲ್ಲಿ ಅರಿಶಿನದ ಕೊಂಬು ಹಿಡಿದು ಒಂಟಿಯಾಗಿ ಕೂತಿತ್ತು. ಇದಕ್ಕೆ ನೀವು ಆಟ ಎನ್ನುತ್ತೀರಾ?

ನಾನು ಇಲ್ಲಿ ಗಾರ್ಮೆಂಟ್ಸ್‌ನಲ್ಲಿ ಬಟ್ಟೆಯ ಬಣ್ಣ ಚೆಕ್ ಮಾಡುವ ಕೆಲಸದಲ್ಲಿದ್ದೇನೆ. ಒಂದು ಅಂಗಿಯ ತೋಳಿಗೂ ಬೆನ್ನಿಗೂ ಕೂದಲೆಳೆಯಷ್ಟು ಬಣ್ಣ ವ್ಯತ್ಯಾಸವಾದರೂ ಹಿಡಿದು ಪಕ್ಕಕ್ಕಿಡಬೇಕು. ಹಸಿರಿನಲ್ಲೇ ಎಷ್ಟು ಹಸಿರಿದೆ ಎಂದು ನಿಮಗಿಂತ ನನಗೆ ಚೆನ್ನಾಗಿ ಗೊತ್ತು. ಅಷ್ಟೊಂದು ಹಸಿರಿನಲ್ಲಿ ನಿಮಗೆ ಬೇಕಾಗಿದ್ದು ತಾಯಿಯ ಕೈಯದೇ ಆಯಿತೇ?

ನವೆಂಬರ್ ಹದಿನಾಲ್ಕರ ಮಕ್ಕಳ ದಿನಕ್ಕೆ ತಾಯಂದಿರು ಬಂದು ಮಕ್ಕಳಿಗೆ ಆರತಿ ಮಾಡಬೇಕು ಎಂದು ಈಗಿನಿಂದಲೇ ಹೇಳುತ್ತಿದ್ದೀರಂತೆ. ಹೋದ ವರ್ಷ ಬಂದಿದ್ದೆ. ಗೋಡೆ ಪಕ್ಕ ನಿಲ್ಲಿಸಿದಿರಿ. ಈ ವರ್ಷ ನಾನು ಬರುವುದಿಲ್ಲ. ಅಮ್ಮ ಯಾಕೆ ಬರಲಿಲ್ಲ ಎಂದು ಅವಳು ಕೇಳಿದರೆ ನೀವೇ ಹೇಳಿ.

ಅನುಶ್ರೀ


ಬಾಗೂರು ಹೋಬಳಿ
22 ಜುಲೈ 2024

ಚಿ. ಅನುಶ್ರೀಗೆ,

ನಿನ್ನ ಕಾಗದ ಓದಿ ಕೋಪ ಬಂತು. ಇಪ್ಪತ್ತಾರು ವರ್ಷದಿಂದ ಈ ಊರಿನ ಮಕ್ಕಳ ಮೂಗು ಒರೆಸಿದ್ದೇನೆ. ಇಷ್ಟು ದಿನದಲ್ಲಿ ಯಾವ ತಾಯಿಯೂ ನನಗೆ ಹೀಗೆ ಬರೆದಿಲ್ಲ.

ನಮಗೆ ಸರ್ಕಾರದಿಂದ ಬಂದ ಆಟದ ಪೆಟ್ಟಿಗೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಚೆಂಡಿವೆ. ಬಿಸಿಲಿಗೆ ಬೆಳ್ಳಗಾಗಿ ಕೆಂಪು ಯಾವುದು ಕಿತ್ತಳೆ ಯಾವುದು ಎಂದು ನನಗೇ ತಿಳಿಯುವುದಿಲ್ಲ. ಅದಕ್ಕೇ ನಾನು ಮನೆಯಿಂದ ತರಿಸುತ್ತೇನೆ. ಕೆಂಪಿಗೆ ಒಣಮೆಣಸಿನಕಾಯಿ, ಕಪ್ಪಿಗೆ ಇದ್ದಿಲು, ಬಿಳಿಗೆ ಕೊಬ್ಬರಿ ಚೂರು, ಹಳದಿಗೆ ಅರಿಶಿನ, ನೀಲಿಗೆ ಬಾಟಲಿ ಮುಚ್ಚಳ. ಹಸಿರಿಗೆ ಎಲೆ ತರಿಸಿದರೆ ಮಧ್ಯಾಹ್ನಕ್ಕೆ ಬಾಡಿ ಮುದುಡುತ್ತದೆ. ತಾಯಿಯ ಬಳೆಯಾದರೆ ಬಾಡುವುದಿಲ್ಲ. ಅಮ್ಮನ ಕೈಯಲ್ಲಿ ಕಂಡ ಬಣ್ಣವನ್ನು ಮಗು ಜನ್ಮದಲ್ಲಿ ಮರೆಯುವುದಿಲ್ಲ. ಇದು ನಾನು ಕೆಲಸಕ್ಕೆ ಸೇರಿದ ವರ್ಷದಿಂದ ನಡೆದುಕೊಂಡು ಬಂದ ಆಟ. ನಿನ್ನ ಮಗಳನ್ನು ನೋಯಿಸಲೆಂದು ನಿನ್ನೆ ಮೊನ್ನೆ ಕಟ್ಟಿದ್ದಲ್ಲ.

ಹಳದಿ ತರಲು ಹೇಳಿದ್ದು ನನ್ನ ಬುದ್ಧಿಯೂ ಅಲ್ಲ. ಹಿಂದಿನ ದಿನ ನಿನ್ನ ಅತ್ತೆ ರೇವಮ್ಮನೇ ಬಾಗಿಲಿಗೆ ಬಂದು, "ಮಿಸ್ಸೇ, ನಮ್ಮ ಮಗೀಗೆ ಬ್ಯಾರೆ ಏನಾರ ಏಳಿ. ಅದರವ್ವನ ಅಸಿರು ಬಳೆ ನಾನೆಲ್ಲಿಂದ ತರ್ಲಿ?" ಎಂದಳು. ಅವಳ ಕಣ್ಣು ನೋಡಿ ಹಳದಿ ಎಂದೆ. ಮನೆಯೊಳಗಿನದನ್ನು ನೀವು ನೀವೇ ಸರಿಮಾಡಿಕೊಳ್ಳದೆ ನನ್ನ ಮೇಲೆ ಹರಿಹಾಯ್ದರೆ ನಾನೇನು ಮಾಡಲಿ? ಗೋಡೆ ಪಕ್ಕ ನಿಲ್ಲಿಸಿದ್ದೂ ನಾನಲ್ಲ. ನೀನೇ ಹೋಗಿ ನಿಂತೆ.

ಮಗು ಚೆನ್ನಾಗಿದ್ದಾಳೆ. ಮೊಟ್ಟೆ ಪೂರ್ತಿ ತಿನ್ನುತ್ತಾಳೆ.

ಇಂತಿ,
ಕಮಲಾಕ್ಷಮ್ಮ


ಹಾಸನ
28 ಜುಲೈ 2024

ಮಿಸ್,

ನಿಮ್ಮ ಕಾಗದದಲ್ಲಿ ನಾನು ಮೊದಲು ಓದಿದ್ದು ನೀವು ಹೊಡೆದುಹಾಕಿದ್ದನ್ನು. 'ಚಿ.' ಆದ ಮೇಲೆ ಅಭ್ಯಾಸಬಲದಿಂದ 'ಸೌ.' ಎಂದು ಬರೆದು, ಆಮೇಲೆ ನನ್ನ ಗಂಡ ಇಲ್ಲವೆಂದು ನೆನಪಾಗಿ ಅದರ ಮೇಲೆ ಮೂರು ಗೆರೆ ಎಳೆದಿದ್ದೀರಿ. ಹೊಸ ಹಾಳೆ ತೆಗೆದುಕೊಳ್ಳುವಷ್ಟೂ ವ್ಯವಧಾನ ಇರಲಿಲ್ಲವೇ?

ನಾನೇ ಹೋಗಿ ನಿಂತೆನಂತೆ. ಆರತಿ ತಟ್ಟೆ ಸಾಲಾಗಿ ಕೈಯಿಂದ ಕೈಗೆ ಬಂತು. ನನ್ನ ಹತ್ತಿರ ಬಂದಾಗ ಪಕ್ಕದವಳು ನನ್ನನ್ನು ದಾಟಿಸಿ ಆಚೆಯವಳಿಗೆ ಕೊಟ್ಟಳು. ನೀವು ಅಲ್ಲೇ ಇದ್ದಿರಿ, ಮಕ್ಕಳಿಗೆ ಲಾಡು ಹಂಚುತ್ತಿದ್ದಿರಿ. ಆಮೇಲೆ ಗೋಡೆ ಬಿಟ್ಟು ಇನ್ನೆಲ್ಲಿ ನಿಲ್ಲಬೇಕಿತ್ತು?

ನನ್ನ ಮಗಳು ಹಸಿರು ಎಲ್ಲಿ ಕಲಿತಳು ಎಂದು ನಿಮಗೆ ಹೇಳುತ್ತೇನೆ. ಹೋದ ವರ್ಷದ ಸಂಕ್ರಾಂತಿಗೆ ಅರಕಲಗೂಡಿನಿಂದ ನಮ್ಮಮ್ಮ ಬಂದು ಡಜನ್ ಹಸಿರು ಬಳೆ ತೊಡಿಸಿ ಹೋಗಿದ್ದರು. ಫೆಬ್ರವರಿಯಲ್ಲಿ ಮಾನ್ಯಳ ಅಪ್ಪ ಹೋದರು. ಹನ್ನೊಂದನೇ ದಿನ ಹಿತ್ತಲಲ್ಲಿ ಕೂರಿಸಿದರು. ಅತ್ತೆಯ ತಂಗಿ, ಚಿಕ್ಕಮ್ಮ ಎಂದೇ ಅವರ ಹೆಸರು, ಕಲ್ಲು ಹಿಡಿದಿದ್ದರು. ಅತ್ತೆ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡು, "ಅಲ್ಲಾಡ್ಬ್ಯಾಡ ಕಣವ್ವ, ಗಾಜು ಚುಚ್ತದೆ" ಎನ್ನುತ್ತಿದ್ದರು. ಮಾನ್ಯ ಓಡಿಬಂದು ಕಲ್ಲಿನ ಸುತ್ತ ಬಿದ್ದ ಚೂರು ಆರಿಸತೊಡಗಿದಳು. ಅವಳಿಗೆ ಆಗ ಎರಡೂವರೆ ವರ್ಷ. ಇದು ಯಾವ ಬಣ್ಣ ಎಂದು ಕೇಳಿದಳು. ಅಷ್ಟು ಜನರ ನಡುವೆ ನಾನೇ ಹೇಳಿದೆ, ಹಸಿರು ಎಂದು.

ಇನ್ನೊಂದು ಮಾತು. ನಿಮ್ಮ ಕೈ ನೋಡಿದ್ದೇನೆ ಮಿಸ್. ಎಡಗೈಯಲ್ಲಿ ವಾಚು, ಬಲಗೈ ಬರಿದು. ಅಪ್ಪ ಹೋದಾಗ ನಿಮ್ಮ ಮಗನೂ ಎರಡು ವರ್ಷದವನಿದ್ದನಂತೆ. ಅವನು ಹಸಿರು ಯಾರ ಕೈ ನೋಡಿ ಕಲಿತ?

ಅನುಶ್ರೀ


ಬಾಗೂರು ಹೋಬಳಿ
25 ಸೆಪ್ಟೆಂಬರ್ 2024

ಅನುಶ್ರೀ,

ಎರಡು ತಿಂಗಳು ಸುಮ್ಮನಿದ್ದೆ. ಮೊದಲು ನಿನ್ನ ಮೇಲೆ ಸಿಟ್ಟಿತ್ತು. ಮೂರು ಉತ್ತರ ಬರೆದು ಹರಿದೆ. ಎಷ್ಟು ಸೊಕ್ಕು ಇವಳಿಗೆ, ನನ್ನ ಕೈ ನೋಡುತ್ತಾಳಲ್ಲ ಎಂದು ಒಲೆ ಮುಂದೆ ಕೂತು ಬೈದೆ. ಈಗ ಆ ಸಿಟ್ಟು ಮನೆ ಬದಲಾಯಿಸಿದೆ.

ಹೊಳೆನರಸೀಪುರದಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಮಗ ಗೌರೀಶಂಕರ ಗೌರಿ ಹಬ್ಬಕ್ಕೆ ಬಂದಿದ್ದ. ಊಟಕ್ಕೆ ಕೂತಾಗ ನಿನ್ನ ಪ್ರಶ್ನೆ ಅವನಿಗೆ ಕೇಳಿದೆ. "ಎಲೇಲಿ ಕಣಮ್ಮ. ದಿನಾ ಹಿತ್ಲಿಗೆ ಎತ್ಕೊಂಡೋಗಿ ನುಗ್ಗೆ ಎಲೆ, ಅವರೆ ಎಲೆ ತೋರಿಸ್ತಿದ್ಯಲ್ಲ" ಎಂದ. ಊಟ ಅಲ್ಲಿಗೇ ಬಿಟ್ಟು ಎದ್ದೆ.

ಕೆಲಸಕ್ಕೆ ಸೇರಿದಾಗ ನನ್ನ ಕೈ ತುಂಬ ಹಸಿರು ಬಳೆ ಇದ್ದವು. ಅದನ್ನೇ ತೆಗೆದು ನೆಲದ ಮೇಲೆ ಉರುಳಿಸಿ ಮಕ್ಕಳನ್ನು ಓಡಿಸುತ್ತಿದ್ದೆ. ಆ ಆಟ ಹುಟ್ಟಿದ್ದು ಹಾಗೆ. ಐದನೇ ವರ್ಷಕ್ಕೆ ನನ್ನ ಬಳೆ ಹೋಯಿತು, ಆಟ ಬಿಡಲು ಮನಸ್ಸಾಗಲಿಲ್ಲ. ನಿಮ್ಮ ಅಮ್ಮಂದಿರದ್ದು ತನ್ನಿ ಎಂದೆ. ಸ್ವಂತ ಮಗನಿಗೆ ಎಲೆ ಸಾಕಾಯಿತು. ಬೇರೆಯವರ ಮಕ್ಕಳಿಗೆ ಎಲೆ ಬಾಡುತ್ತದೆ ಎಂದು ಪಾಠ ಹೇಳಿದೆ. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನುಶ್ರೀ.

ಹಳೇ ಹಾಜರಿ ಪುಸ್ತಕಗಳನ್ನು ತೆಗೆದು ನೋಡಿದೆ. ಬಳೆ ಇಲ್ಲವೆಂದು ನಾನು ಹಳದಿ ಮನೆಯಲ್ಲಿ ಕೂರಿಸಿದ್ದು ನಿನ್ನ ಮಗಳೊಬ್ಬಳನ್ನೇ ಅಲ್ಲ. ಇನ್ನೂ ಆರು ಮಕ್ಕಳಿದ್ದಾರೆ. ಅದರಲ್ಲಿ ಕಾಂತರಾಜು ಈಗ ಬಾಗೂರಿನಲ್ಲಿ ಆಟೋ ಓಡಿಸುತ್ತಾನೆ. ನೆನಪಿದೆಯೇನೋ ಎಂದು ಕೇಳಿದೆ. "ಇಲ್ದೆ ಏನ್ ಮಿಸ್? ನೀವು ಕೂರಿಸಿದ ಅಳದಿಲೇ ಇನ್ನೂ ಕೂತಿವ್ನಿ ನೋಡಿ" ಎಂದು ಆಟೋದ ಹಳದಿ ಟಾಪು ತಟ್ಟಿ ನಕ್ಕ. ನನಗೆ ನಗು ಬರಲಿಲ್ಲ. ಅವನ ನಗುವೂ ಬಹಳ ಹೊತ್ತು ಉಳಿಯಲಿಲ್ಲ.

ಮೊನ್ನೆಯದನ್ನು ನಿನಗೆ ಹೇಳಲೇಬೇಕು. ಮಾನ್ಯ ನಿನ್ನ ಮಾವನವರ ಹಳೇ ನಶ್ಯದ ಡಬ್ಬಿ ಹಿಡಿದು ಬಂದಳು. ನನ್ನ ಮಡಿಲಲ್ಲಿ ಸುರಿದಳು. ಹಸಿರು ಗಾಜಿನ ಚೂರು, ಒಂದು ಹಿಡಿಯಷ್ಟು. "ಮಿಸ್, ನಮ್ಮಮ್ಮಂದೂ ಐತೆ. ಚೂರಾದ್ರೆ ಆಗಲ್ವಾ?" ಎಂದಳು. ಅವತ್ತು ಅವಳು ಆರಿಸಿದ್ದನ್ನು ಈಶ್ವರಯ್ಯನವರು ಬಿಸಾಡದೆ ಎತ್ತಿಟ್ಟಿದ್ದರಂತೆ. ಬಳೆ ಬೇಕೆಂದು ಅವಳು ಹಟ ಹಿಡಿದಾಗ ಯಾರಿಗೂ ಹೇಳದೆ ಕೊಟ್ಟಿದ್ದಾರೆ.

ಆಗುತ್ತದೆ ಎಂದೆ. ಆಮೇಲೆ ಒಳಗೆ ಹೋಗಿ ಅಕ್ಕಿ ಮೂಟೆ ಹಿಂದೆ ಕೂತೆ. ಬಳೆ ಆಟ ಅವತ್ತಿಗೇ ನಿಂತಿತು. ಬೇರೆ ಆಟ ಕಟ್ಟಬೇಕು, ನನಗೆ ತೋಚುತ್ತಿಲ್ಲ. ನಿಮ್ಮ ಕಾರ್ಖಾನೆಯಲ್ಲಿ ಬೇಡದ ಬಟ್ಟೆ ಚೂರು ಸಿಗುತ್ತದೆಯೇ?

ಕಮಲಾಕ್ಷಮ್ಮ


ಹಾಸನ
13 ಅಕ್ಟೋಬರ್ 2024

ಮಿಸ್,

ಚೂರಿನ ವಿಷಯ ಓದಿ ಆ ದಿನ ನಾನು ಟೇಬಲ್ಲಿನಲ್ಲಿ ಎರಡು ತಪ್ಪು ಪೀಸ್ ಪಾಸ್ ಮಾಡಿದೆ. ನಮ್ಮ ಸೂಪರ್‌ವೈಸರ್ ಶಾಂತರಾಜು ಬೈದರು. ಬೈಸಿಕೊಂಡ ಮೇಲೆ ಅವರನ್ನೇ ಬಟ್ಟೆ ಚೂರು ಕೇಳಿದೆ. ಮಕ್ಕಳಿಗೆ ಎಂದಾಗ ಗೇಟಿನಲ್ಲಿ ತೋರಿಸಲು ಚೀಟಿ ಬರೆದುಕೊಟ್ಟರು. ಒಂದು ಚೀಲ ಪಾರ್ಸೆಲ್ ಮಾಡಿದ್ದೇನೆ.

ಒಳಗೆ ಬರೀ ಹಸಿರು. ಕೆಂಪು, ನೀಲಿ ನೀವೇ ಹೊಂಚಿಕೊಳ್ಳಿ. ಎಳನೀರು ಬುರುಡೆಯ ಹಸಿರು, ಅವರೆಕಾಯಿ ಹಸಿರು, ಹೆಸರುಕಾಳಿನದು, ವೀಳ್ಯದೆಲೆಯದು, ಪಾಚಿಯದು, ಗಿಳಿಯದು. ಪ್ರತಿಯೊಂದೂ ಎರಡೆರಡೇ ಚೂರು ಇವೆ. ಒಂದೇ ಥಾನಿನಲ್ಲಿ ಕತ್ತರಿಸಿದವು, ಗೆರೆ ಎಳೆದಷ್ಟೂ ವ್ಯತ್ಯಾಸ ಇರುವುದಿಲ್ಲ. ಆಟ ಹೀಗೆ. ಚೂರುಗಳನ್ನು ಹಂಚಿಬಿಡಿ. ಪ್ರತಿಯೊಬ್ಬರೂ ತಮ್ಮ ಚೂರಿನ ಜೋಡಿ ಯಾರ ಹತ್ತಿರ ಇದೆ ಎಂದು ಬಾಗಿಲ ಬೆಳಕಿಗೆ ಹಿಡಿದು ಹುಡುಕಬೇಕು. ಸಿಕ್ಕಿದ ಮೇಲೆ ಇಬ್ಬರೂ ಕೈ ಹಿಡಿದು ನಿಲ್ಲಬೇಕು. ನೀವು ಸೀಟಿ ಊದುವವರೆಗೂ ಬಿಡುವ ಹಾಗಿಲ್ಲ. ಇದರಲ್ಲಿ ಯಾರೂ ಒಂಟಿಯಾಗಿ ಉಳಿಯುವುದಿಲ್ಲ, ಚೂರು ಎಣಿಸಿಯೇ ಹಾಕಿದ್ದೇನೆ.

ಆದರೆ ನಾನು ಕರಗಿದೆ ಎಂದುಕೊಳ್ಳಬೇಡಿ. ಮಕ್ಕಳ ದಿನದ ಬಗ್ಗೆ ನನ್ನ ಮಾತು ಬದಲಾಗಿಲ್ಲ. ನನಗೆ ಬಳೆ ಬೇಕೆಂದು ನಾನು ಜಗಳ ಆಡುತ್ತಿಲ್ಲ. ಮಿಷನ್ ಹತ್ತಿರ ಬಳೆ ತೊಡಲು ಹೇಗೂ ಬಿಡುವುದಿಲ್ಲ. ನನ್ನ ಕೈ ಹೇಗೇ ಇರಲಿ, ಮಗಳ ಎದುರು ಅದನ್ನು ದಾಟಿ ಹೋಗಬಾರದು. ಆ ತಟ್ಟೆ ಮತ್ತೆ ನನ್ನನ್ನು ದಾಟುವುದಾದರೆ ಅವಳಿಗೆ ಅಮ್ಮನಿಗೆ ರಜೆ ಸಿಗಲಿಲ್ಲ ಎಂಬ ಸುಳ್ಳೇ ವಾಸಿ.

ಅನುಶ್ರೀ


ಬಾಗೂರು ಹೋಬಳಿ
3 ನವೆಂಬರ್ 2024

ಅನುಶ್ರೀಗೆ ನಿಮ್ಮತ್ತೆ ರೇವಮ್ಮ ಏಳಿ ಬರೆಸಿದ್ದು.

ನಿಮ್ಮ ಮಾವ ಬರೀತಾವ್ರೆ. ನಾನು ಏಳ್ದಂಗೇ ಬರೀರಿ, ನಯ ಮಾಡ್ಬ್ಯಾಡಿ ಅಂದಿವ್ನಿ.

ಮಿಸ್ಸು ನಮ್ಮನೇಗೆ ಬಂದು ನಿನ್ನ ಕಾಗ್ದಾನೆಲ್ಲ ಓದಿ ಏಳುದ್ರು. ನಾನೇನು ರಾಕ್ಷಸೀನೇನವ್ವ? ನನ್ನ ಮಗ ಓದ. ನೀನು ಅಳ್ತಾ ಆಸನಕ್ಕೆ ಓದೆ. ನಾನು ಯಾರ್ತಾವ ಓಗ್ಲಿ? ನೀನು ಕಾಗ್ದ ಬರೆದು ಎಲ್ಲಾರ್ನೂವೆ ಬಯ್ದೆ, ನಂಗೆ ಬರಿಯಾಕೆ ಬರಾಕಿಲ್ಲ ಅಂತ ನಂಗೆ ಸಿಟ್ಟೇ ಇಲ್ಲ ಅನ್ಕಂಡ್ಯಾ?

ಒಡೆದಿದ್ದು ನನ್ನ ತಂಗಿ ಚಿಕ್ಕಮ್ಮ. ಇಡ್ಕಂಡಿದ್ದು ನಾನು. ಊರೋರೆಲ್ಲ ಒಡೆದೋಳ್ನ ಅಂತಾರೆ, ಇಡ್ಕಂಡೋಳ್ನ ಯಾರೂ ಅನ್ನಾಕಿಲ್ಲ. ನೀನೂ ಅನ್ನಲಿಲ್ಲ. ಅದೇ ನನ್ನ ಕೊಲ್ತಾ ಅದೆ. ಒತ್ತಾರೆ ಎದ್ದು ಬಳೆ ತೊಟ್ಟಿರೋ ನನ್ನ ಕೈ ನಾನೇ ನೋಡ್ಕತೀನಿ, ನನ್ನ ಮಗನ ಎಂಡ್ತಿ ಕೈ ಗೆಪ್ತಿಗೆ ಬತ್ತದೆ.

ಮಕ್ಕಳ ದಿನಕ್ಕೆ ಬಾ ಅಂತ ನಾನು ಏಳಾಕಿಲ್ಲ. ಬರಬ್ಯಾಡ ಅಂತಾನೂ ಏಳಾಕಿಲ್ಲ. ನಿನ್ನ ಮಗಿ ದಿನಾ ಬಾಗ್ಲಲ್ಲಿ ನಿಂತ್ಕಂಡು ಬಟ್ಟೆ ಚೂರು ಬಿಸಿಲಿಗೆ ಇಡೀತದೆ, ನಿನ್ನಂಗೇ ಒಂದ್ಕಣ್ಣು ಮುಚ್ಕಂಡು.

ರೇವಮ್ಮ

ಅವಳು ಹೇಳಿದ ಹಾಗೇ ಬರೆದಿದ್ದೇನೆ ತಾಯಿ. ಬರೆಸುವಾಗ ಎರಡು ಸಲ ಎದ್ದು ಒಳಗೆ ಹೋದಳು. ಅದನ್ನು ಬರೆಯಲು ಹೇಳಲಿಲ್ಲ.
ಈಶ್ವರಯ್ಯ


ಬಾಗೂರು ಹೋಬಳಿ
8 ನವೆಂಬರ್ 2024

ಚಿ. ಸೌ. ಅನುಶ್ರೀಗೆ,

ಈ ಸಲ ಹೊಡೆದುಹಾಕಿಲ್ಲ, ನೋಡಿಕೋ. ತಪ್ಪಿ ಬರೆದದ್ದೂ ಅಲ್ಲ. ನಿನ್ನ ಸೌಭಾಗ್ಯ ಮಣೆ ಮೇಲೆ ಕೂತು ನೀನು ಕಳಿಸಿದ ಬಟ್ಟೆ ಚೂರುಗಳನ್ನು ಎಣಿಸುತ್ತಿರುತ್ತದೆ. ಅದನ್ನು ಹೊಡೆದುಹಾಕಲು ನಾನ್ಯಾರು?

ಈ ವರ್ಷ ಆರತಿ ಇಲ್ಲ. ನಿನ್ನ ಅತ್ತೆಯ ತಂಗಿ ಚಿಕ್ಕಮ್ಮ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಜಗಳಕ್ಕೆ ಬಂದಳು. "ಆಚಾರ ಬುಟ್ಟು ಆಟ ಆಡುಸ್ತಿಯಾ? ಇದು ಮಕ್ಕಳ ಇಸ್ಕೂಲೋ ಏನು?" ಎಂದು ಬೀದಿಯಲ್ಲಿ ಕೂಗಿದಳು. ಮಕ್ಕಳ ಸ್ಕೂಲೇ ಕಣಮ್ಮ, ನಿನ್ನ ಹಿತ್ತಲಲ್ಲ ಎಂದೆ. ಇಷ್ಟು ವರ್ಷದಲ್ಲಿ ಊರಿನ ಒಬ್ಬರಿಗೆ ನಾನು ಎದುರು ಮಾತಾಡಿದ್ದು ಇದೇ ಮೊದಲು. ಇಪ್ಪತ್ತು ವರ್ಷದ ಹಿಂದೆ ಆಡಬೇಕಿದ್ದ ಮಾತು, ಬಾಯಲ್ಲೇ ಇತ್ತು.

ಆರತಿ ಬದಲು ನಿನ್ನ ಜೋಡಿ ಆಟ. ತಾಯಂದಿರು, ಅಜ್ಜಿಯರು ಎಲ್ಲರೂ ಆಡಬೇಕು. ಚೂರು ಹಂಚುವವರು ಮಕ್ಕಳೇ. ನಿನ್ನ ಹಳೇ ಬಳೆ ಚೂರುಗಳನ್ನು ಜೇಡಿಮಣ್ಣಿನ ಬಿಲ್ಲೆಗೆ ಒತ್ತಿ ಒಣಗಿಸಿದ್ದೇನೆ, ಯಾರ ಕೈಗೂ ಚುಚ್ಚದ ಹಾಗೆ. ಹಸಿರುಗಳ ಸಾಲಿನಲ್ಲಿ ಕೊನೆಗೆ ಅದನ್ನು ಇಡಿಸಿದ್ದಾಳೆ ನಿನ್ನ ಮಗಳು. ಎಳನೀರು ಹಸಿರು, ಅವರೆ ಹಸಿರು, ಗಿಳಿ ಹಸಿರು, ಅಮ್ಮನ ಹಸಿರು ಎಂದು ಎಲ್ಲ ಮಕ್ಕಳೂ ಒಪ್ಪಿಸುತ್ತಾರೆ.

ನಿನ್ನೆ ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ಬಳೆ ಅಂಗಡಿ ಚಂದ್ರಯ್ಯ ಯಾರಿಗೆ ಮಿಸ್ ಎಂದ. ಬಲಗೈ ಚಾಚಿದೆ. ಅವನು ಕೈಯ ಅಳತೆ ನೋಡಿ ತೊಡಿಸಿದ. ಕೈ ದಪ್ಪವಾಗಿದೆ, ನೋವಾಯಿತು.

ನೀನು ಬರುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು. ನಿನ್ನ ಹೆಸರಿನ ಚೂರು ಚೀಲದಲ್ಲಿರುತ್ತದೆ.

ಕಮಲಾಕ್ಷಮ್ಮ


ಹಾಸನ
17 ನವೆಂಬರ್ 2024

ಮಿಸ್,

ಅವತ್ತು ನಿಮ್ಮ ಹತ್ತಿರ ಸರಿಯಾಗಿ ಮಾತಾಡಲು ಆಗಲಿಲ್ಲ. ಹಾಸನದಿಂದ ಬಂದಿದ್ದ ನಿಮ್ಮ ಇಲಾಖೆಯ ಆಫೀಸಿನವರು ನಿಮ್ಮನ್ನು ಬಿಡಲಿಲ್ಲ. ಅವರ ಫಾರಂನಲ್ಲಿ ಹಸಿರು ಎಂದು ಒಂದೇ ಖಾನೆ ಇದೆ, ಇಷ್ಟೊಂದು ಹಸಿರನ್ನು ಎಲ್ಲಿ ತುಂಬಿಸುವುದು ಎಂದು ಅವರು ಕೇಳುತ್ತಿದ್ದರು. ನೀವು ಬಳೆ ಸದ್ದು ಮಾಡಿಕೊಂಡು ಅವರಿಗೆ ಬೈಯುತ್ತಿದ್ದಿರಿ. ಕೇಳಲು ಹಿತವಾಗಿತ್ತು. ಆ ಗದ್ದಲದಲ್ಲಿ ನೀವು ನೋಡದೆ ಹೋದದ್ದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ.

ನಾನು ಬರಿಗೈಯಲ್ಲೇ ಬಂದೆ. ಬಾಗಿಲ ಹತ್ತಿರ ಕಾಲು ತಾನಾಗಿ ಗೋಡೆಯ ಕಡೆ ತಿರುಗಿತು. ಮಾನ್ಯ ಓಡಿಬಂದು ಸೆರಗು ಹಿಡಿದು ನಡುವೆ ಎಳೆದು ನಿಲ್ಲಿಸಿದಳು. ಚೂರು ಹಂಚುವವರಲ್ಲಿ ಅವಳೂ ಇದ್ದಳು. ನನಗೊಂದು ಕೊಟ್ಟಳು, ವೀಳ್ಯದೆಲೆ ಹಸಿರು. ಆಮೇಲೆ ಚೀಲದಲ್ಲಿ ಕೈಯಾಡಿಸಿ, ಒಂದು ಚೂರನ್ನು ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಸೀದಾ ಹೋಗಿ ಅಜ್ಜಿಯ ಕೈಗಿಟ್ಟಳು. ಗೊತ್ತಿದ್ದೇ ಮಾಡಿದಳು ಮಿಸ್. ಬಣ್ಣದ ವಿಷಯದಲ್ಲಿ ಅವಳು ನನ್ನ ಮಗಳು.

ಅತ್ತೆ ಆ ಚೂರು ಹಿಡಿದು ಎಲ್ಲರ ಹತ್ತಿರ ಹೋದರು, ನನ್ನೊಬ್ಬಳನ್ನು ಬಿಟ್ಟು. ಅವರ ತಂಗಿ ಚಿಕ್ಕಮ್ಮ ಬಾಗಿಲಾಚೆ ನಿಂತು ನೋಡುತ್ತಿದ್ದರು. ಕೊನೆಗೆ ಜೋಡಿ ಸಿಗದೆ ಉಳಿದವರು ನಾವಿಬ್ಬರೇ. ಮಕ್ಕಳೆಲ್ಲ "ಕೈ ಇಡ್ಕೊಳ್ಳಿ, ಕೈ ಇಡ್ಕೊಳ್ಳಿ" ಎಂದು ಕೂಗಿದರು. ಅತ್ತೆ ನನ್ನ ಬೆರಳು ಹಿಡಿಯಲಿಲ್ಲ. ಮಣಿಕಟ್ಟು ಹಿಡಿದರು. ಅದೇ ಕೈ, ಅದೇ ಜಾಗ, ಅಷ್ಟೇ ಬಿಗಿ. ಕಿತ್ತುಕೊಂಡು ಹೊರಟುಬಿಡೋಣ ಎನ್ನಿಸಿತು. ಕೆಳಗೆ ಮಾನ್ಯ ತಲೆ ಎತ್ತಿ ನೋಡುತ್ತಿದ್ದಳು. ನಿಂತೆ.

ಎಲ್ಲವನ್ನೂ ಕ್ಷಮಿಸಿದ್ದೇನೆ ಎಂದು ಊರಿಗೆ ಸಾರಬೇಡಿ. ಕ್ಷಮಿಸಿಲ್ಲ. ಆ ತಟ್ಟೆ ದಾಟಿಸಿದವಳ ಮುಖ ಮರೆತಿಲ್ಲ, ಆ ಕಲ್ಲನ್ನೂ ಮರೆತಿಲ್ಲ. ಡಿಸೆಂಬರ್‌ನಲ್ಲಿ ಮಾನ್ಯಳನ್ನು ಇಲ್ಲಿಗೆ ಕರೆದುಕೊಂಡು ಬರಬೇಕೆಂದಿದ್ದೇನೆ. ಜೊತೆಯಲ್ಲಿ ಯಾರು ಬರುತ್ತಾರೆ ಎಂದು ಇನ್ನೂ ಮಾತಾಗಿಲ್ಲ.

ನೀವು ಸೀಟಿ ಊದಿದಿರಿ. ಎಲ್ಲರೂ ಕೈ ಬಿಟ್ಟು ಚಪ್ಪಾಳೆ ತಟ್ಟಿದರು. "ಆಟ ಮುಗೀತು ಅತ್ತೆ, ಬಿಡಿ" ಎಂದೆ. ಅವರು ನನ್ನ ಬರಿಗೈಯನ್ನೇ ನೋಡುತ್ತಿದ್ದರು.

"ಅವತ್ತೇ ಬುಡಬೇಕಾಗಿತ್ತು ಕಣವ್ವ" ಎಂದರು. ಆದರೆ ಬಿಡಲಿಲ್ಲ.

ನಿಮ್ಮ,
ಅನುಶ್ರೀ